ಕಡತ ಕಾಯುವ ವಿದ್ಯೆ

ಮೇ ತಿಂಗಳು ಬಂತೆಂದರೆ ಗುರುನಿವಾಸದ ಬಾಗಿಲಿಗೆ ಬರುವ ತಂದೆತಾಯಂದಿರ ಪ್ರಶ್ನೆ ಒಂದೇ. "ಸ್ವಾಮಿ, ಮಗಳ ಓದು ಇಲ್ಲಿಗೆ ಮುಗೀತು, ಮುಂದೆ ಏನು ಮಾಡಿಸೋಣ?" ಉತ್ತರವನ್ನೂ ಅವರೇ ಜೊತೆಗೆ ತಂದಿರುತ್ತಾರೆ. ನರ್ಸಿಂಗ್, ಇಲ್ಲವೇ ಕಂಪ್ಯೂಟರ್. ಎರಡೂ ಕೈಗೂಡದಿದ್ದರೆ ಬಿ.ಕಾಂ. 'ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನ' ಎಂದು ನಾವು ಬಾಯಿ ತೆರೆದರೆ ಮುಖ ಸಪ್ಪಗಾಗುತ್ತದೆ. ಪುಸ್ತಕ ಎತ್ತಿ ಕೊಡುವುದಕ್ಕೂ ಡಿಗ್ರಿ ಬೇಕೇ ಎಂಬ ಪ್ರಶ್ನೆ ಆ ಮುಖದಲ್ಲೇ ಓದಬಹುದು. 'ದಾಖಲೆ ನಿರ್ವಹಣೆ' ಎಂದರಂತೂ ಅದು ಗುಮಾಸ್ತರ ಕೆಲಸವಲ್ಲವೇ ಎಂದು ನೇರವಾಗಿ ಕೇಳಿಬಿಡುತ್ತಾರೆ.

ಈ ಪ್ರಶ್ನೆಗೆ ಉತ್ತರವಾಗಿ ವಿಶ್ವವಿದ್ಯಾನಿಲಯದ ಪಠ್ಯಪಟ್ಟಿಯನ್ನು ಮುಂದಿಟ್ಟರೆ ಯಾರಿಗೂ ರುಚಿಸಲಾರದು. ಆದ್ದರಿಂದ ಓದುಗರನ್ನು ಮೊದಲು ಕಬಿನಿಯ ಆಚೆ ದಡಕ್ಕೆ ಕರೆದುಕೊಂಡು ಹೋಗುತ್ತೇವೆ.

ಹೆಗ್ಗಡದೇವನಕೋಟೆ ತಾಲ್ಲೂಕಿನ ಬೈರಕುಪ್ಪೆಯಲ್ಲಿ ನಿಂತರೆ ನದಿಯಾಚೆ ಕಾಣುವುದು ಕೇರಳದ ಪೆರಿಕ್ಕಲ್ಲೂರು. ಅಲ್ಲಿಂದ ಮುಂದೆ ಮುಳ್ಳನ್ಕೊಲ್ಲಿ, ಪುಲ್ಪಳ್ಳಿ. ನಡುವೆ ಹರಿಯುವ ಹೊಳೆಯೇ ಎರಡು ರಾಜ್ಯಗಳ ಗಡಿ. ದೋಣಿಯಲ್ಲಿ ದಾಟುವವರು ಬೆಳಿಗ್ಗೆ ಮಲಯಾಳದಲ್ಲಿ ಮಾತನಾಡಿ ಮಧ್ಯಾಹ್ನ ಕನ್ನಡದಲ್ಲಿ ವ್ಯಾಪಾರ ಮಾಡುತ್ತಾರೆ. ಮುಳ್ಳನ್ಕೊಲ್ಲಿ ಎಂಬ ಹೆಸರೇ ಕನ್ನಡದ ಕಿವಿಗೆ ಪರಕೀಯವಲ್ಲ. ಮುಳ್ಳೂ ನಮ್ಮದು, ಕೊಲ್ಲಿಯೂ ನಮ್ಮದು. ಈ ಸೀಮೆಯ ಕಾಡಂಚಿನಲ್ಲಿ ವಾಸಿಸುವ ಕಾಟುನಾಯ್ಕರ ಮಾತು ಕನ್ನಡಕ್ಕೆ ಬಹಳ ಹತ್ತಿರದ್ದು. ವಯನಾಡಿನ ಹಳೆಯ ಜೈನ ಕುಟುಂಬಗಳ ಮನೆಮಾತೂ ಕನ್ನಡ.

ಆದರೆ ಈಗ ಮುಳ್ಳನ್ಕೊಲ್ಲಿಯಲ್ಲಿ ಹೆಚ್ಚಿನವರು ತಿರುವಾಂಕೂರು ಕಡೆಯಿಂದ ಬಂದ ವಲಸಿಗರ ಮಕ್ಕಳು, ಮೊಮ್ಮಕ್ಕಳು. 1940ರ ದಶಕದಿಂದ ಮುಂದಕ್ಕೆ ಪಾಲಾ, ಚಂಗನಾಶೇರಿ ಸುತ್ತಲಿನ ಕೃಷಿಕರು ಸಾಲಸೋಲ ಮಾಡಿ ಮಲಬಾರಿನ ಬೆಟ್ಟ ಹತ್ತಿದರು. ಮಲೇರಿಯಾವನ್ನೂ ಕಾಡುಪ್ರಾಣಿಗಳನ್ನೂ ಎದುರಿಸಿ ಕರಿಮೆಣಸು, ಕಾಫಿ, ಶುಂಠಿ ಬೆಳೆದರು. ಇದು ಎಲ್ಲರೂ ಹೇಳುವ ಕಥೆ. ಹೆಚ್ಚು ಜನ ಹೇಳದ ಕಥೆ ಅವರ ಟ್ರಂಕಿನಲ್ಲಿದ್ದ ಕಾಗದಗಳದ್ದು.

ಯೋಚಿಸಿ ನೋಡಿ. ಅಜ್ಜ ಬಂದಾಗ ವಯನಾಡು ಮದ್ರಾಸ್ ಪ್ರಾಂತ್ಯದ ಮಲಬಾರ್ ಜಿಲ್ಲೆಗೆ ಸೇರಿತ್ತು. ಅಜ್ಜ ಹುಟ್ಟಿದ ಊರು ಮಾತ್ರ ತಿರುವಾಂಕೂರು ಸಂಸ್ಥಾನದಲ್ಲಿ. 1956ರ ನವೆಂಬರ್ 1ರಂದು ಕೇರಳ ರಾಜ್ಯವಾಯಿತು. ವಯನಾಡು ಕೆಲಕಾಲ ಕಣ್ಣೂರು, ಕೋಳಿಕ್ಕೋಡು ಜಿಲ್ಲೆಗಳ ನಡುವೆ ಹಂಚಿಹೋಗಿತ್ತು. 1980ರ ನವೆಂಬರ್ 1ರಂದು ತಾನೇ ಒಂದು ಜಿಲ್ಲೆಯಾಯಿತು. ಒಂದೇ ಮನೆ, ಒಂದೇ ತೋಟ, ಅದೇ ಮೆಣಸಿನ ಬಳ್ಳಿ. ಆದರೆ ಅದರ ಕಾಗದ ಮೂರು ನಾಲ್ಕು ಊರುಗಳ ಕಪಾಟುಗಳಲ್ಲಿ. ಪುಲ್ಪಳ್ಳಿ ಸುತ್ತಲಿನ ಭೂಮಿ ದೇವಸ್ವಂಗೆ ಸೇರಿದ್ದರಿಂದ ಅಲ್ಲಿ ಸಾಗುವಳಿ ಮಾಡಿದವರಿಗೆ ಹಕ್ಕುಪತ್ರವಿಲ್ಲದೆ ಒಕ್ಕಲೆಬ್ಬಿಸುವ ಭಯ ಬಹುಕಾಲ ಕಾಡಿತು. 1968ರ ನವೆಂಬರಿನಲ್ಲಿ ಪುಲ್ಪಳ್ಳಿಯ ಪೊಲೀಸ್ ಠಾಣೆಯ ಮೇಲೆ ನಕ್ಸಲರು ದಾಳಿ ಮಾಡಿದ್ದನ್ನು ಚರಿತ್ರೆ ಓದಿದವರು ಬಲ್ಲರು. ಅದರ ಹಿನ್ನೆಲೆಯಲ್ಲೂ ಈ ಭೂಮಿಯ ಪ್ರಶ್ನೆಯಿತ್ತು. ಹಿಂಸೆಯನ್ನು ಯಾರೂ ಸಮರ್ಥಿಸಲಾರರು. ಆದರೆ ಒಂದು 'ಪಟ್ಟಯ' ಇದೆಯೇ ಇಲ್ಲವೇ ಎಂಬುದು ಎಷ್ಟು ದೂರ ಕೊಂಡೊಯ್ಯಬಲ್ಲದು ಎಂಬುದಕ್ಕೆ ಬೇರೆ ಉದಾಹರಣೆ ಬೇಡ.

ಇದೇ ಮುಳ್ಳನ್ಕೊಲ್ಲಿಯ ಹುಡುಗಿಯೊಬ್ಬಳು ಬಿ.ಎ. ಮುಗಿಸಿ ಮೈಸೂರಿನಲ್ಲಿ ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನ ಓದುತ್ತಿದ್ದಾಳೆ. ಹೆಸರು ಬೇಡ ಎಂದಿದ್ದಾಳೆ, ಬರೆಯುವುದಿಲ್ಲ. ಯಾಕಮ್ಮ ಈ ವಿಷಯ ಹಿಡಿದೆ ಎಂದು ನಾವು ಕೇಳಿದೆವು. "ಅಚ್ಚಾ, ನಮ್ಮ ಅಪ್ಪಚ್ಚನಿಗೆ ಮೂರು ಹೆಸರು. ಅದಕ್ಕೆ" ಎಂದಳು.

ಔಸೇಪ್ ಯಾರು, ಜೋಸೆಫ್ ಯಾರು?

ಇದು ತಮಾಷೆಯ ಮಾತಲ್ಲ. ಅಪ್ಪಚ್ಚನ್ ಎಂದರೆ ಅವಳ ಅಜ್ಜ. ಜ್ಞಾನಸ್ನಾನದ ದಾಖಲೆ ಪುಸ್ತಕದಲ್ಲಿ ಅವರು ಔಸೇಪ್. ಶಾಲೆಯ ದಾಖಲಾತಿಯಲ್ಲಿ ಜೋಸೆಫ್. ಜಮೀನಿನ ಕಾಗದದಲ್ಲಿ ಮನೆತನದ ಹೆಸರಿನ ಜೊತೆ ಔಸೇಪ್ಪಚ್ಚನ್. ಮೂವರೂ ಒಬ್ಬರೇ ಎಂಬುದು ಊರಿಗೆಲ್ಲ ಗೊತ್ತು, ಒಂದು ಕಚೇರಿಗೆ ಮಾತ್ರ ಗೊತ್ತಿರಲಿಲ್ಲ. ವೃದ್ಧಾಪ್ಯದಲ್ಲಿ ಅವರು ಒಂದು ಸಣ್ಣ ಸವಲತ್ತಿಗಾಗಿ ಹದಿನಾಲ್ಕು ತಿಂಗಳು ಅಲೆದರು. 'ಒಬ್ಬನೇ ವ್ಯಕ್ತಿ' ಎಂಬ ಪ್ರಮಾಣಪತ್ರ ಕೈಗೆ ಬರುವ ಹೊತ್ತಿಗೆ ಅವರು ಹಾಸಿಗೆ ಹಿಡಿದಿದ್ದರು.

ಕೇರಳದ ಕ್ರೈಸ್ತ ಮನೆಗಳಲ್ಲಿ ಇದು ಸಾಮಾನ್ಯ. ವರ್ಗೀಸ್, ವರ್ಕಿ ಎಂದರೆ ಜಾರ್ಜ್. ಚಾಕೋ ಎಂದರೆ ಜೇಕಬ್. ಮತ್ತಾಯಿ ಎಂದರೆ ಮ್ಯಾಥ್ಯೂ. ಏಲಿ ಎಂದರೆ ಎಲಿಜಬೆತ್. ನಮ್ಮ ಕಡೆ ಏನು ಕಡಿಮೆ? ಯೋಸೇಫ, ಜೋಸೆಫ್, ಜೋಜಪ್ಪ, ಸೂಸಯ್ಯ ಎಲ್ಲರೂ ಆ ಬಡಗಿ ಸಂತರ ಮಕ್ಕಳೇ. ಅಂತೋಣಿ, ಅಂತೋನಪ್ಪ, ಆಂಟನಿ ಒಬ್ಬನೇ ಆಗಿರಬಹುದು, ಮೂವರೂ ಆಗಿರಬಹುದು. ಗುರುಗಳು ಬರೆದುಕೊಂಡದ್ದು ಒಂದು, ಮೇಷ್ಟ್ರು ಬರೆದುಕೊಂಡದ್ದು ಇನ್ನೊಂದು, ಶಾನುಭೋಗರದ್ದು ಮತ್ತೊಂದು.

ಗ್ರಂಥಾಲಯ ವಿಜ್ಞಾನದಲ್ಲಿ ಇದಕ್ಕೆಂದೇ ಒಂದು ಪಾಠವಿದೆ. ಒಬ್ಬ ಲೇಖಕನಿಗೆ ಹತ್ತು ಬಗೆಯ ಹೆಸರಿದ್ದರೆ ಅವುಗಳಲ್ಲಿ ಒಂದನ್ನು ಅಧಿಕೃತವೆಂದು ಆರಿಸಿ, ಉಳಿದ ಒಂಬತ್ತರಿಂದ ಆ ಒಂದಕ್ಕೆ ದಾರಿ ತೋರಿಸುವ ಪಟ್ಟಿ ಮಾಡಬೇಕು. ಕುವೆಂಪು ಎಂದು ಹುಡುಕಿದವನಿಗೂ ಕೆ.ವಿ. ಪುಟ್ಟಪ್ಪ ಎಂದು ಹುಡುಕಿದವನಿಗೂ ಅದೇ ಪುಸ್ತಕಗಳು ಸಿಗಬೇಕು. ಇಲ್ಲಿ ಮುಖ್ಯವಾದ ನಿಯಮ ಒಂದಿದೆ: ಹಳೆಯ ಹೆಸರನ್ನು ಅಳಿಸಕೂಡದು. ಪುಸ್ತಕದ ಮುಖಪುಟದಲ್ಲಿ ಇದ್ದದ್ದು ಇದ್ದ ಹಾಗೆಯೇ ದಾಖಲಾಗಬೇಕು, ಸಂಬಂಧವನ್ನು ಮಾತ್ರ ಸೇರಿಸಬೇಕು. ಈ ಒಂದು ಪಾಠ ಬಲ್ಲವರೊಬ್ಬರು ಆ ಕಚೇರಿಯಲ್ಲಿ ಇದ್ದಿದ್ದರೆ ಅಪ್ಪಚ್ಚನ ಹದಿನಾಲ್ಕು ತಿಂಗಳು ಉಳಿಯುತ್ತಿತ್ತು.

ಬೆಂಗಳೂರಿಗೆ ಬಂದ ಗಣಿತದ ಮೇಷ್ಟ್ರು

ಈ ವಿದ್ಯೆಗೆ ಭಾರತದಲ್ಲಿ ತಳಹದಿ ಹಾಕಿದವರು ಎಸ್.ಆರ್. ರಂಗನಾಥನ್. 1892ರಲ್ಲಿ ತಂಜಾವೂರು ಜಿಲ್ಲೆಯ ಶಿಯಾಳಿಯಲ್ಲಿ ಹುಟ್ಟಿ, ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಗಣಿತ ಹೇಳಿಕೊಡುತ್ತಿದ್ದವರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದರು. ಬಂದ ಕೆಲವೇ ದಿನಗಳಲ್ಲಿ ಆ ಕೆಲಸದ ಏಕಾಂತ ಸಾಕಾಗಿ ತರಗತಿಗೆ ಮರಳಿ ಕಳುಹಿಸಿ ಎಂದು ಬೇಡಿಕೊಂಡರಂತೆ. ಆಮೇಲೆ ತರಬೇತಿಗೆಂದು ಲಂಡನ್ನಿಗೆ ಹೋದರು. ಅಲ್ಲಿನ ಗ್ರಂಥಾಲಯಗಳಿಗೆ ಹಳ್ಳಿಯವರು, ಹೆಂಗಸರು, ಮಕ್ಕಳು ಎಲ್ಲರೂ ಬರುವುದನ್ನು ಕಂಡು ಅವರ ಮನಸ್ಸು ತಿರುಗಿತು. ಒಂದು ಅಂಗಡಿಯಲ್ಲಿ ಮಕ್ಕಳ ಆಟಿಕೆ ನೋಡಿದರು. ಕಬ್ಬಿಣದ ಪಟ್ಟಿಗಳು, ತಿರುಪುಗಳು. ಅವನ್ನೇ ಬೇರೆ ಬೇರೆ ರೀತಿ ಜೋಡಿಸಿದರೆ ಒಮ್ಮೆ ಬಂಡಿ, ಒಮ್ಮೆ ಸೇತುವೆ. ಜ್ಞಾನದ ವಿಷಯಗಳನ್ನೂ ಹೀಗೆ ಬಿಡಿಭಾಗಗಳಾಗಿ ಬಿಡಿಸಿ ಜೋಡಿಸಬಾರದೇಕೆ ಎಂದು ಹೊಳೆಯಿತು. 1933ರಲ್ಲಿ ಅವರ ಕೋಲನ್ ವರ್ಗೀಕರಣ ಪದ್ಧತಿ ಪ್ರಕಟವಾಯಿತು.

ಇದನ್ನು ಮುಳ್ಳನ್ಕೊಲ್ಲಿಯ ಮೆಣಸಿನ ಬಳ್ಳಿಯಿಂದಲೇ ವಿವರಿಸಬಹುದು. ಶೀಘ್ರ ಸೊರಗು ರೋಗ ಆ ಊರಿನ ತೋಟಗಳನ್ನು ಬರಿದು ಮಾಡಿದ್ದನ್ನು ಅಲ್ಲಿನವರು ಮರೆತಿಲ್ಲ. ಅದರ ಬಗ್ಗೆ ಒಂದು ಪುಸ್ತಕ ಬಂದರೆ ಎಲ್ಲಿಡಬೇಕು? ಕೃಷಿಯಲ್ಲೋ, ರೋಗಗಳಲ್ಲೋ, ಕೇರಳದ ಚರಿತ್ರೆಯಲ್ಲೋ? ರಂಗನಾಥನ್ ಹೇಳಿದ ದಾರಿ ಹೀಗೆ: ಯಾವ ಬೆಳೆ, ಯಾವ ಭಾಗಕ್ಕೆ, ಏನು ತೊಂದರೆ, ಏನು ಉಪಾಯ, ಎಲ್ಲಿ, ಯಾವಾಗ ಎಂದು ಒಂದೊಂದಾಗಿ ಬಿಡಿಸಿ ಪ್ರತಿಯೊಂದಕ್ಕೂ ಸಂಕೇತ ಕೊಡುವುದು. ಆಗ ಬೆಳೆಯ ಹೆಸರಿನಿಂದ ಬಂದವನೂ, ರೋಗದ ಹೆಸರಿನಿಂದ ಬಂದವನೂ ಒಂದೇ ಕಡೆ ಸೇರುತ್ತಾರೆ. ಇಂದು ಅಂತರಜಾಲದ ಅಂಗಡಿಗಳಲ್ಲಿ ಸೀರೆಯನ್ನು ಬಣ್ಣ, ಬೆಲೆ, ನೂಲು ಎಂದು ಆರಿಸುತ್ತೀರಲ್ಲ, ಅದರ ಹಿಂದೆಯೂ ಇದೇ ಬಗೆಯ ಆಲೋಚನೆ ಇದೆ.

ರಂಗನಾಥನ್ ಅವರು 1957ರಲ್ಲಿ ಬೆಂಗಳೂರಿಗೆ ಬಂದು ನೆಲೆಸಿದರು. 1962ರಲ್ಲಿ ಭಾರತೀಯ ಸಾಂಖ್ಯಿಕ ಸಂಸ್ಥೆಯ ಆಶ್ರಯದಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರ ಅಲ್ಲಿಯೇ ಆರಂಭವಾಯಿತು. ಡಿ.ಆರ್.ಟಿ.ಸಿ. ಎಂದರೆ ಈ ಕ್ಷೇತ್ರದವರೆಲ್ಲರಿಗೂ ಗೊತ್ತು. 1972ರ ಸೆಪ್ಟೆಂಬರ್ 27ರಂದು ಬೆಂಗಳೂರಿನಲ್ಲೇ ಅವರು ತೀರಿಕೊಂಡರು. ಓದುಗನ ಸಮಯ ಉಳಿಸುವುದು ಗ್ರಂಥಪಾಲಕನ ಧರ್ಮ ಎಂಬುದು ಅವರು 1931ರಲ್ಲಿ ವಿಧಿಸಿದ ಐದು ಸೂತ್ರಗಳಲ್ಲಿ ಒಂದು. ನಮ್ಮ ಎಷ್ಟೋ ಕಚೇರಿಗಳ ಗೋಡೆಯ ಮೇಲೆ ಇದನ್ನು ಬರೆಸಬೇಕು ಅನಿಸುತ್ತದೆ.

ಮೈಸೂರಿಗೂ ಈ ವಿದ್ಯೆಯಲ್ಲಿ ಪಾಲಿದೆ. 1891ರಲ್ಲಿ ಸ್ಥಾಪನೆಯಾದ ಅಲ್ಲಿನ ಪ್ರಾಚ್ಯ ಗ್ರಂಥಾಲಯಕ್ಕೆ ತಂಜಾವೂರು ಕಡೆಯ ಪಂಡಿತರೊಬ್ಬರು ಒಂದು ತಾಳೆಗರಿ ಹಸ್ತಪ್ರತಿಯನ್ನು ಒಪ್ಪಿಸಿ ಹೋದರು. ಗ್ರಂಥಪಾಲಕ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಅದನ್ನು ಬಿಚ್ಚಿ ಓದಿ ನೋಡಿದರೆ, ಕಳೆದೇಹೋಯಿತೆಂದು ಜಗತ್ತು ಭಾವಿಸಿದ್ದ ಕೌಟಿಲ್ಯನ ಅರ್ಥಶಾಸ್ತ್ರ! 1909ರಲ್ಲಿ ಅದನ್ನು ಅಚ್ಚು ಹಾಕಿಸಿದರು. ಪಟ್ಟಿಯಲ್ಲಿ ಬರೆದು ಬೀರುವಿಗೆ ಸೇರಿಸಿ ಸುಮ್ಮನಾಗಿದ್ದರೆ ಎಷ್ಟು ವರ್ಷ ಹಾಗೇ ಕಟ್ಟಿಕೊಂಡು ಬಿದ್ದಿರುತ್ತಿತ್ತೋ. ಸ್ವಾರಸ್ಯವೆಂದರೆ ಆ ಗ್ರಂಥದ ಎರಡನೆಯ ಅಧಿಕರಣದಲ್ಲಿ 'ಅಕ್ಷಪಟಲ' ಎಂಬ ಕಚೇರಿಯ ವಿವರಣೆ ಬರುತ್ತದೆ. ಲೆಕ್ಕಪತ್ರ, ದಾಖಲೆ ಪುಸ್ತಕಗಳನ್ನು ಇಡುವ ಆ ಕಟ್ಟಡ ಯಾವ ದಿಕ್ಕಿಗೆ ಮುಖ ಮಾಡಿರಬೇಕು, ಒಳಗೆ ಪುಸ್ತಕಗಳಿಗೆ ಸ್ಥಳ ಹೇಗಿರಬೇಕು ಎಂಬುದೆಲ್ಲ ಅಲ್ಲಿದೆ. ದಾಖಲೆ ನಿರ್ವಹಣೆ ಇಂಗ್ಲಿಷರು ತಂದ ಹೊಸ ಪದ್ಧತಿ ಎನ್ನುವವರು ಗಮನಿಸಲಿ.

ಕನ್ನಡದ 'ಕಡತ' ಎಂಬ ಪದವೂ ಹಳೆಯದೇ. ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬರೆಯುತ್ತಿದ್ದ ಕಪ್ಪು ಪುಸ್ತಕಕ್ಕೆ ಕಡತ ಎನ್ನುತ್ತಿದ್ದರು. ಶೃಂಗೇರಿ ಮಠದಲ್ಲಿ ಅಂಥ ಕಡತಗಳು ಇಂದಿಗೂ ಇವೆ. ಮಠದ ಆದಾಯ, ಜಮೀನು, ಅರಸರೊಡನೆ ನಡೆದ ವ್ಯವಹಾರ ಎಲ್ಲವೂ ಅವುಗಳಲ್ಲಿ ಉಳಿದು ಬಂದು ಸಂಶೋಧಕರಿಗೆ ದಕ್ಕಿದೆ.

ಯಾವುದನ್ನು ಇಡುವುದು, ಯಾವುದನ್ನು ಸುಡುವುದು

ಗ್ರಂಥಾಲಯಕ್ಕೂ ದಾಖಲೆ ನಿರ್ವಹಣೆಗೂ ಒಂದು ಮೂಲ ವ್ಯತ್ಯಾಸವಿದೆ. ಪುಸ್ತಕದ ಪ್ರತಿ ಸಾವಿರ ಇರುತ್ತದೆ. ಒಂದು ಹರಿದರೆ ಇನ್ನೊಂದು ತರಬಹುದು. ದಾಖಲೆ ಒಂದೇ. ಅದು ಯಾರದೋ ಒಂದು ಕೆಲಸದ ಗುರುತಾಗಿ ಹುಟ್ಟಿದ್ದು. ಆದ್ದರಿಂದ ಅದನ್ನು ವಿಷಯದ ಪ್ರಕಾರ ಬೇರ್ಪಡಿಸಿ ಜೋಡಿಸಲು ಹೋಗಬಾರದು, ಯಾರಿಂದ ಬಂತೋ ಅವರ ಕಾಗದಗಳ ಜೊತೆಗೆ, ಅವರು ಇಟ್ಟುಕೊಂಡಿದ್ದ ಕ್ರಮದಲ್ಲೇ ಇರಿಸಬೇಕು. ಯಾರಿಂದ ಬಂತೋ ಅವರ ಕಾಗದಗಳನ್ನು ಒಟ್ಟಿಗೇ ಇಡಬೇಕು ಎಂಬುದನ್ನು 1841ರಲ್ಲಿ ಫ್ರಾನ್ಸಿನ ಸರ್ಕಾರ ತನ್ನ ಪತ್ರಾಗಾರಗಳಿಗೆ ನಿಯಮವಾಗಿ ಮಾಡಿತು.

ಮುಳ್ಳನ್ಕೊಲ್ಲಿಯ ಭಕ್ತರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಅವರ ಮಾನಂದವಾಡಿ ಧರ್ಮಪ್ರಾಂತ್ಯ 1973ರಲ್ಲಿ ತಲಶ್ಶೇರಿಯಿಂದ ಬೇರ್ಪಟ್ಟಿತು. ಆಗ ಕರ್ನಾಟಕದ ಹಲವು ಜಿಲ್ಲೆಗಳೂ ಅದರಲ್ಲಿದ್ದವು. 2007ರಲ್ಲಿ ಭದ್ರಾವತಿ, 2010ರಲ್ಲಿ ಮಂಡ್ಯ ಧರ್ಮಪ್ರಾಂತ್ಯಗಳು ಅದರಿಂದ ಹೊರಬಂದವು. ಹಳೆಯ ಪತ್ರವ್ಯವಹಾರವನ್ನು ಆಯಾ ಊರಿನ ಹೆಸರಿನಲ್ಲಿ ಕಿತ್ತು ಹಂಚಿದರೆ, ಆ ಕಾಲದಲ್ಲಿ ಧರ್ಮಾಧ್ಯಕ್ಷರು ಯಾವ ಪತ್ರ ನೋಡಿ ಯಾವ ನಿರ್ಧಾರ ತೆಗೆದುಕೊಂಡರು ಎಂಬ ಸರಪಣಿಯೇ ತುಂಡಾಗುತ್ತದೆ.

ಎಲ್ಲವನ್ನೂ ಇಡಬೇಕೇ? ಇಲ್ಲ. ವಿದ್ಯಾರ್ಥಿಗಳು ಬಹಳ ಹೊತ್ತು ಕಲಿಯುವುದು ಇದನ್ನೇ. ಶಾಲೆಯ ದಾಖಲಾತಿ ಪುಸ್ತಕ ಶಾಶ್ವತ; ಸೀಮೆಸುಣ್ಣ ಕೊಂಡ ರಸೀದಿಗೆ ಲೆಕ್ಕತಪಾಸಣೆ ಮುಗಿದು ಕೆಲ ವರ್ಷ ಕಳೆದರೆ ಬಿಡುಗಡೆ. ಯಾವ ಬಗೆಯ ಕಾಗದ ಎಷ್ಟು ವರ್ಷ ಇರಬೇಕು ಎಂಬ ಪಟ್ಟಿಯನ್ನು ಮೊದಲೇ ಮಾಡಿಟ್ಟು, ಅದರ ಪ್ರಕಾರ ಸಹಿ ಹಾಕಿ ನಾಶಮಾಡಬೇಕು. ಜಾಗ ಸಾಲದೆಂದು ಶನಿವಾರ ಸಂಜೆ ಹಿತ್ತಲಲ್ಲಿ ಬೆಂಕಿ ಹಚ್ಚುವುದು ದಾಖಲೆ ನಿರ್ವಹಣೆಯಲ್ಲ. ಕೇಂದ್ರ ಸರ್ಕಾರದ 1993ರ ಸಾರ್ವಜನಿಕ ದಾಖಲೆಗಳ ಅಧಿನಿಯಮದ ಪ್ರಕಾರ ಅಂಥ ಕೃತ್ಯಕ್ಕೆ ಐದು ವರ್ಷದವರೆಗೆ ಸೆರೆವಾಸ, ಇಲ್ಲವೇ ಹತ್ತು ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಕರ್ನಾಟಕವೂ 2010ರಲ್ಲಿ ತನ್ನದೇ ದಾಖಲೆಗಳ ಕಾಯಿದೆ ಮಾಡಿತು. 2005ರ ಮಾಹಿತಿ ಹಕ್ಕು ಕಾಯಿದೆಯಲ್ಲಿ ಎಲ್ಲರೂ ಅರ್ಜಿ ಹಾಕುವ ಭಾಗವನ್ನು ಮಾತ್ರ ನೋಡುತ್ತಾರೆ. ಪ್ರತಿಯೊಂದು ಕಚೇರಿಯೂ ತನ್ನ ದಾಖಲೆಗಳನ್ನು ಪಟ್ಟಿ ಮಾಡಿ ಸೂಚಿ ತಯಾರಿಸಿ ಇಟ್ಟಿರಬೇಕು ಎಂದು ಅದರ ನಾಲ್ಕನೆಯ ಕಲಮು ಹೇಳುತ್ತದೆ. 'ಕಡತ ಲಭ್ಯವಿಲ್ಲ' ಎಂಬ ಉತ್ತರ ಬಂದಾಗ ಈ ಕಲಮನ್ನು ನೆನಪಿಸಬಹುದು.

ಈ ವಿಷಯದಲ್ಲಿ ಧರ್ಮಸಭೆಗೆ ಬಹಳ ಹಳೆಯ ಅಭ್ಯಾಸವಿದೆ. 1563ರಲ್ಲಿ ತ್ರೆಂತ್ ಮಹಾಸಭೆ ವಿವಾಹಗಳನ್ನು ಪುಸ್ತಕದಲ್ಲಿ ದಾಖಲಿಸುವುದನ್ನು ಕಡ್ಡಾಯ ಮಾಡಿತು. ಇಂದು ಲತೀನ್ ವಿಧಿಯ ಧರ್ಮಕೇಂದ್ರಗಳಿಗೆ 1983ರ ಧರ್ಮಸಭಾ ಸಂಹಿತೆಯ 535ನೆಯ ವಿಧಿ, ಮುಳ್ಳನ್ಕೊಲ್ಲಿಯಂಥ ಸಿರೋ ಮಲಬಾರ್ ಧರ್ಮಕೇಂದ್ರಗಳಿಗೆ 1990ರ ಪೂರ್ವ ಧರ್ಮಸಭೆಗಳ ಸಂಹಿತೆಯ 296ನೆಯ ವಿಧಿ ಜ್ಞಾನಸ್ನಾನ, ವಿವಾಹ, ಮರಣಗಳ ಪುಸ್ತಕಗಳನ್ನು ವಿಧಿಸುತ್ತವೆ. ಜ್ಞಾನಸ್ನಾನದ ಪುಸ್ತಕದ ಅಂಚನ್ನು ಎಂದಾದರೂ ನೋಡಿದ್ದೀರಾ? ದೃಢೀಕರಣ, ವಿವಾಹ, ಗುರುದೀಕ್ಷೆ ಎಲ್ಲೇ ನಡೆದರೂ ಅದರ ಸುದ್ದಿ ಹುಟ್ಟೂರಿನ ಆ ಅಂಚಿಗೆ ಬಂದು ಸೇರಬೇಕು. ಒಂದೂರಲ್ಲಿ ಹೆಂಡತಿಯಿದ್ದು ಇನ್ನೊಂದೂರಲ್ಲಿ ಮದುವೆಗೆ ಹೊರಟವನನ್ನು ಆ ಅಂಚಿನ ಎರಡು ಸಾಲು ಹಿಡಿದುಹಾಕುತ್ತದೆ. ಗಣಕಯಂತ್ರ ಹುಟ್ಟುವ ಶತಮಾನಗಳ ಮೊದಲೇ ಇಂಥ ಪುಸ್ತಕಗಳನ್ನು ಬರೆದಿಡಲು ಕಲಿತ ನಾವು, ಅವನ್ನು ಸೋರುವ ಸಕ್ರಿಸ್ತಿಯ ಬೀರುವಿನಲ್ಲಿ ಗೆದ್ದಲಿಗೆ ಬಿಡುವುದು ಸರಿಯಲ್ಲ. 1884ರಲ್ಲಿ ಹದಿಮೂರನೆಯ ಲಿಯೋ ಜಗದ್ಗುರುಗಳು ವ್ಯಾಟಿಕನ್ ಪತ್ರಾಗಾರದಲ್ಲಿ ಹಳೆಯ ಲಿಪಿಗಳನ್ನು ಓದಲು ಕಲಿಸುವ ಶಾಲೆಯನ್ನೇ ತೆರೆದರು. ಆ ಪತ್ರಾಗಾರದ 'ರಹಸ್ಯ' ಎಂಬ ವಿಶೇಷಣದಿಂದ ಎಷ್ಟೋ ಕಾದಂಬರಿಕಾರರ ಹೊಟ್ಟೆ ತುಂಬಿತು. ಖಾಸಗಿ ಎಂಬುದಷ್ಟೇ ಅದರ ಅರ್ಥ. 2019ರಲ್ಲಿ ಫ್ರಾನ್ಸಿಸ್ ಜಗದ್ಗುರುಗಳು ಆ ಪದವನ್ನೇ ತೆಗೆಸಿದರು.

ಕಾಗದವೇ ಇಲ್ಲದವರು

ವಲಸೆ ಬಂದವರಿಗೆ ಕಾಗದ ಹಲವು ಕಡೆ ಹರಡಿಹೋಗಿತ್ತು. ಅವರಿಗಿಂತ ಮೊದಲೇ ಆ ನೆಲದಲ್ಲಿದ್ದ ಪಣಿಯರು, ಅಡಿಯರು, ಕಾಟುನಾಯ್ಕರಿಗೆ ಕಾಗದವೇ ಇರಲಿಲ್ಲ. ಮನೆಯಲ್ಲಿ ಹೆರಿಗೆ, ಕಾಡಂಚಿನಲ್ಲಿ ಮಣ್ಣು; ಹುಟ್ಟೂ ಸಾವೂ ಯಾವ ಪುಸ್ತಕಕ್ಕೂ ಏರಲಿಲ್ಲ. ಜನನ ಪ್ರಮಾಣಪತ್ರದಂಥ ಕಾಗದವಿಲ್ಲದೆ ಆಧಾರ್ ಸಿಗುವುದು ಕಷ್ಟ, ಆಧಾರ್ ಇಲ್ಲದೆ ಪಡಿತರ, ಬ್ಯಾಂಕು, ಆಸ್ಪತ್ರೆ ಎಲ್ಲವೂ ಕಷ್ಟ. ನೆಲ ಬಲ್ಲವನಿಗೆ ನೆಲದ ಕಾಗದವಿಲ್ಲ ಎಂಬ ಸ್ಥಿತಿ.

2021ರ ಕೊನೆಯಲ್ಲಿ ವಯನಾಡು ಜಿಲ್ಲಾಡಳಿತ ಪಂಚಾಯಿತಿಯಿಂದ ಪಂಚಾಯಿತಿಗೆ ಹೋಗಿ ಶಿಬಿರ ನಡೆಸತೊಡಗಿತು. ಒಂದೇ ಸೂರಿನಡಿ ಎಲ್ಲ ಇಲಾಖೆಯವರನ್ನೂ ಕೂರಿಸಿ ಆಧಾರ್, ಪಡಿತರ ಚೀಟಿ, ಜನನ ಪ್ರಮಾಣಪತ್ರ, ಮತದಾರರ ಗುರುತುಚೀಟಿ, ಬ್ಯಾಂಕ್ ಖಾತೆ ಮಾಡಿಸಿ, ಪ್ರತಿಗಳನ್ನು ಡಿಜಿಲಾಕರಿಗೆ ಸೇರಿಸಿತು. 64 ಸಾವಿರಕ್ಕೂ ಹೆಚ್ಚು ಆದಿವಾಸಿಗಳಿಗೆ ಹೀಗೆ ದಾಖಲೆ ದೊರೆಯಿತು. ಎಲ್ಲ ಆದಿವಾಸಿಗಳಿಗೂ ಮೂಲ ದಾಖಲೆ ಒದಗಿಸಿದ ದೇಶದ ಮೊದಲ ಜಿಲ್ಲೆ ಎಂಬ ಹೆಸರು ವಯನಾಡಿಗೆ ಬಂತು.

ಆಮೇಲೆ 2024ರ ಜುಲೈ 30ರ ಬೆಳಗಿನ ಜಾವ. ಜಿಲ್ಲೆಯ ಇನ್ನೊಂದು ತುದಿಯ ಮುಂಡಕ್ಕೈ, ಚೂರಲ್‌ಮಲ ಊರುಗಳು ಭೂಕುಸಿತದಲ್ಲಿ ಕೊಚ್ಚಿಹೋದವು. ಇನ್ನೂರೈವತ್ತಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಉಳಿದವರ ಕೈಯಲ್ಲಿ ಉಟ್ಟ ಬಟ್ಟೆ ಬಿಟ್ಟರೆ ಏನೂ ಇರಲಿಲ್ಲ. ಮೃತರ ಗುರುತು, ಪರಿಹಾರ, ಮಕ್ಕಳ ಶಾಲೆ ಎಲ್ಲಕ್ಕೂ ಕಾಗದ ಬೇಕು. ಪಡಿತರ ಚೀಟಿ, ಅಂಕಪಟ್ಟಿ, ಜಮೀನಿನ ಪತ್ರಗಳ ಪ್ರತಿಗಳನ್ನು ಮತ್ತೆ ಕೊಡಲು ವಿಶೇಷ ಶಿಬಿರಗಳು ನಡೆದವು. ಬೇರೆಲ್ಲೋ ಒಂದು ಕಡೆ ಮೂಲ ದಾಖಲೆ ಕ್ರಮವಾಗಿ ಇದ್ದುದರಿಂದ ಮಾತ್ರ ಇದು ಸಾಧ್ಯವಾಯಿತು. ಗುಮಾಸ್ತರ ಕೆಲಸ ಎಂದವರಿಗೆ ನಾವು ಹೇಳಬಯಸುವುದು ಇದನ್ನೇ.

ಹಾಗೆಂದು ಕಾಗದವನ್ನೇ ದೇವರು ಮಾಡಬೇಕಾಗಿಲ್ಲ. 2006ರ ಅರಣ್ಯ ಹಕ್ಕು ಕಾಯಿದೆಯ ನಿಯಮಗಳು ಊರಿನ ಹಿರಿಯರ ಹೇಳಿಕೆಯನ್ನೂ ಬರೆದುಕೊಂಡು ಸಾಕ್ಷ್ಯವಾಗಿ ಪರಿಗಣಿಸಬಹುದು ಎನ್ನುತ್ತವೆ. ಕಾಟುನಾಯ್ಕ ಅಜ್ಜನ ನೆನಪೂ ದಾಖಲೆಯೇ. ಅದನ್ನು ಅವನ ಮಾತಿನಲ್ಲಿ ಕೇಳಿ ಬರೆದುಕೊಳ್ಳಬಲ್ಲವರು ಬೇಕು. ಕನ್ನಡವೂ ಮಲಯಾಳವೂ ಬಲ್ಲ ಗಡಿನಾಡಿನ ಮಕ್ಕಳಿಗಿಂತ ಇದಕ್ಕೆ ತಕ್ಕವರು ಯಾರು?

ಓದುವುದು ಎಲ್ಲಿ, ಹೊಟ್ಟೆಪಾಡು ಹೇಗೆ

ಈಗ ತಂದೆತಾಯಂದಿರ ಪ್ರಶ್ನೆಗೆ ಬರೋಣ. ಯಾವುದೇ ಪದವಿ ಆದವರು ಈ ವಿಷಯಕ್ಕೆ ಸೇರಬಹುದು. ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿ, ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯ, ಮಂಗಳೂರು ವಿಶ್ವವಿದ್ಯಾನಿಲಯ, ಆಚೆ ಕಡೆ ಕ್ಯಾಲಿಕಟ್ ವಿಶ್ವವಿದ್ಯಾನಿಲಯಗಳಲ್ಲಿ ಇದರ ವಿಭಾಗಗಳಿವೆ. ಮನೆಯಲ್ಲಿದ್ದೇ ಓದುವವರಿಗೆ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾನಿಲಯವಿದೆ. ಬೆಂಗಳೂರಿನ ಡಿ.ಆರ್.ಟಿ.ಸಿ.ಯಲ್ಲಿ ಎರಡು ವರ್ಷದ ಸ್ನಾತಕೋತ್ತರ ಪದವಿ. ಪ್ರವೇಶ ಪರೀಕ್ಷೆ ಗಟ್ಟಿ, ಆದರೆ ಆಯ್ಕೆಯಾದವರಿಗೆ ಶಿಷ್ಯವೇತನ ಉಂಟು. ದಾಖಲೆ ನಿರ್ವಹಣೆಯನ್ನೇ ಮುಖ್ಯವಾಗಿ ಕಲಿಯಬೇಕೆಂದರೆ ದೆಹಲಿಯ ರಾಷ್ಟ್ರೀಯ ಪತ್ರಾಗಾರದ ಶಾಲೆ. 1976ರಲ್ಲಿ ಆರಂಭವಾದ ಈ ಶಾಲೆಯಲ್ಲಿ ಒಂದು ವರ್ಷದ ಡಿಪ್ಲೊಮಾ ಇದೆ. ಹರಿದ ಕಾಗದ ದುರಸ್ತಿ, ಪ್ರತಿ ತೆಗೆಯುವುದು ಮುಂತಾದ ಅಲ್ಪಾವಧಿ ತರಬೇತಿಗಳೂ ಇವೆ. ನಮ್ಮ ಧರ್ಮಪ್ರಾಂತ್ಯಗಳು ಒಬ್ಬಿಬ್ಬರನ್ನಾದರೂ ಅಲ್ಲಿಗೆ ಕಳುಹಿಸಿದರೆ ಹಣ ವ್ಯರ್ಥವಾಗದು.

ಕಲಿಯುವುದೆಲ್ಲ ಹಳೆಯ ಕಾಗದವೇ ಅಲ್ಲ. ನ್ಯೂಜಿಲೆಂಡಿನಲ್ಲಿ ಹುಟ್ಟಿ ಎಲ್ಲರಿಗೂ ಉಚಿತವಾಗಿ ಸಿಗುವ 'ಕೋಹಾ' ತಂತ್ರಾಂಶ, ಸಂಸ್ಥೆಗಳ ಬರಹಗಳನ್ನು ಕಾಪಿಡುವ 'ಡಿಸ್ಪೇಸ್' ಇವನ್ನು ಸ್ವತಃ ಕಂಪ್ಯೂಟರಿನಲ್ಲಿ ಸ್ಥಾಪಿಸಿ ನಡೆಸಲು ಕಲಿಸುತ್ತಾರೆ.

ಕೆಲಸದ ವಿಷಯದಲ್ಲಿ ಬಣ್ಣದ ಮಾತು ಬೇಡ. ಕಾಯಂ ಗ್ರಂಥಪಾಲಕ ಹುದ್ದೆಗಳು ಕಡಿಮೆ. ಎಷ್ಟೋ ಕಡೆ ಗುತ್ತಿಗೆಯ ಮೇಲೆ ದುಡಿಸಿಕೊಳ್ಳುತ್ತಾರೆ. ಕಾಲೇಜು ಸೇರಬೇಕೆಂದರೆ ಯು.ಜಿ.ಸಿ.ಯ ನೆಟ್ ಪರೀಕ್ಷೆಯಂಥ ಅರ್ಹತೆ ಬೇಕು. ಕರ್ನಾಟಕದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದು 'ಅರಿವು ಕೇಂದ್ರ'ಗಳಾಗಿವೆ. ಮಕ್ಕಳು ಬರುತ್ತಿದ್ದಾರೆ, ಮೇಲ್ವಿಚಾರಕರ ಸಂಬಳ ಮಾತ್ರ ಇನ್ನೂ ದೊಡ್ಡದಲ್ಲ. ಆದರೆ ಆಸ್ಪತ್ರೆಗಳ ರೋಗಿ ದಾಖಲೆ ವಿಭಾಗ, ಪತ್ರಿಕೆಗಳ ಸಂಗ್ರಹ, ವಕೀಲರ ಕಚೇರಿ, ಸಂಶೋಧನಾ ಸಂಸ್ಥೆ, ಕಂಪೆನಿಗಳ ಕಡತ ವಿಭಾಗ ಇಲ್ಲೆಲ್ಲ ಬಾಗಿಲು ತೆರೆದಿದೆ. ನರ್ಸಿಂಗಿನಷ್ಟು ಬೇಗ ಹೊರದೇಶದ ವೀಸಾ ಸಿಗುವುದಿಲ್ಲ ಎಂಬುದು ನಿಜ. ಆ ವೀಸಾಕ್ಕೆ ಹೊರಟ ಮಗಳ ಅಂಕಪಟ್ಟಿಯಲ್ಲೂ ಪಾಸ್‌ಪೋರ್ಟಿನಲ್ಲೂ ತಂದೆಯ ಹೆಸರು ಬೇರೆ ಬೇರೆ ಇದ್ದಾಗ ಎಲ್ಲಿಗೆ ಓಡುತ್ತೀರಿ ಎಂಬುದೂ ನಿಜ.

ಕಂಪ್ಯೂಟರ್ ಬಂದ ಮೇಲೆ ಈ ತಾಪತ್ರಯ ಇರದು ಎಂಬುವರಿದ್ದಾರೆ. ಕರ್ನಾಟಕದ 'ಭೂಮಿ' ಯೋಜನೆ ಸುಮಾರು ಎರಡು ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿ 2001ರ ಹೊತ್ತಿಗೆ ಹದಿನೈದು ರೂಪಾಯಿಗೆ ರೈತನ ಕೈಗೆ ಕೊಟ್ಟದ್ದು ದೊಡ್ಡ ಸಾಧನೆಯೇ. ಆದರೆ ಪುಸ್ತಕದಿಂದ ಕಂಪ್ಯೂಟರಿಗೆ ಏರಿಸುವಾಗ ಆದ ಒಂದಕ್ಷರದ ತಪ್ಪು ಅಚ್ಚಿನಲ್ಲಿ ಬಂದಾಗ ಸತ್ಯದ ಮುಖ ಹೊತ್ತು ನಿಲ್ಲುತ್ತದೆ. ಇನ್ನೊಂದು ಹತ್ತಿರದ ಉದಾಹರಣೆ ಬೇಕೇ? ಇಪ್ಪತ್ತು ವರ್ಷದ ಹಿಂದೆ ನಮ್ಮ ಧರ್ಮಕೇಂದ್ರಗಳ ಸ್ಮರಣ ಸಂಚಿಕೆಗಳನ್ನು ನುಡಿ, ಬರಹ, ಶ್ರೀಲಿಪಿಗಳಲ್ಲಿ ಬೆರಳಚ್ಚು ಮಾಡಿ ಸಿ.ಡಿ.ಗೆ ತುಂಬಿ ಇಟ್ಟರು. ಇಂದು ಆ ಸಿ.ಡಿ. ಹಾಕಲು ಕಂಪ್ಯೂಟರಿನಲ್ಲಿ ಜಾಗವಿಲ್ಲ. ಹೇಗೋ ತೆರೆದರೂ, ಆ ಅಕ್ಷರಶೈಲಿ ಇಲ್ಲದಿದ್ದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಗುಂಪು ಕಾಣುತ್ತದೆ. ಅದಕ್ಕಿಂತ ಹಳೆಯ ಕೈಬರಹದ ಜ್ಞಾನಸ್ನಾನದ ಪುಸ್ತಕವನ್ನು ಮಾತ್ರ ಕಿಟಕಿ ತೆರೆದು ಬೆಳಕಿನಲ್ಲಿ ಹಿಡಿದರೆ ಓದಬಹುದು.

ಮುಳ್ಳನ್ಕೊಲ್ಲಿಯ ಆ ಹುಡುಗಿ ತನ್ನ ಪದವಿಯ ಪ್ರಬಂಧಕ್ಕೆ ಆರಿಸಿಕೊಂಡಿರುವುದು ಹೆಸರುಗಳ ಪಟ್ಟಿಯನ್ನು. ಅದಕ್ಕಾಗಿ ಯಾರ ಖಾಸಗಿ ದಾಖಲೆಯನ್ನೂ ಮುಟ್ಟಿಲ್ಲ. ಅಚ್ಚಾದ ಸ್ಮರಣ ಸಂಚಿಕೆಗಳು, ಮನೆಯವರು ತಾವೇ ಒಪ್ಪಿ ತೋರಿಸಿದ ಕಾಗದಗಳು ಇಷ್ಟೇ ಸಾಮಗ್ರಿ. ಗಡಿಯ ಎರಡೂ ಕಡೆ ಒಂದೇ ಸಂತರ ಹೆಸರು ಮಲಯಾಳ, ಕನ್ನಡ, ಇಂಗ್ಲಿಷುಗಳಲ್ಲಿ ಎಷ್ಟು ರೂಪ ತಾಳಿದೆ ಎಂದು ಬರೆದುಕೊಳ್ಳುತ್ತಿದ್ದಾಳೆ. ಯಾವುದನ್ನೂ ಅಳಿಸದೆ, ಒಂದರಿಂದ ಇನ್ನೊಂದಕ್ಕೆ ದಾರಿ ಹಾಕುತ್ತಿದ್ದಾಳೆ. ಕಳೆದ ಸಲ ಮಾತನಾಡಿದಾಗ ಜೋಸೆಫ್ ಒಂದಕ್ಕೇ ಇಪ್ಪತ್ತಮೂರು ರೂಪ ಸಿಕ್ಕಿವೆ, ಇನ್ನು ಮರಿಯಮ್ಮ ಬಾಕಿ ಅಚ್ಚಾ ಎಂದಳು.